ತಾಳೆ ನೋಡಿದ ಪ್ರತಿ

ಅಮಾವಾಸ್ಯೆ ಬಂತೆಂದರೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅಂಗಡಿ ಪೂಜೆ. ಬೆಳಿಗ್ಗೆ ಹೊಸ್ತಿಲು ತೊಳೆದು, ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಎರಡೂ ಬದಿಗಿಟ್ಟು, ತೆಂಗಿನಕಾಯಿ ಒಡೆಯುತ್ತಾರೆ. ಅವತ್ತು ಯಾರೂ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ. 1994ರಿಂದ ಕನ್ನಡ ಡಿಟಿಪಿ ಮಾಡಿ ಹೊಟ್ಟೆ ಹೊರೆದವಳು ನಾನು. ನನ್ನ ಪೂಜೆಯೂ ಅವತ್ತೇ. ಲ್ಯಾಪ್‌ಟಾಪಿಗೆ ಊದುಬತ್ತಿ ಬೆಳಗಿದ ಮೇಲೆ ತಿಜೋರಿಯಿಂದ ಹೊರಗಿನ ಡಿಸ್ಕ್ ತೆಗೆದು, ಮೇಜಿನ ನಡುವೆ ಮಡಚಿದ ಟವೆಲ್ ಹಾಸಿ, ಅದರ ಮೇಲಿಟ್ಟು ವೈರು ಜೋಡಿಸುತ್ತೇನೆ. ತಿಂಗಳ ಕೆಲಸವೆಲ್ಲ ಅದಕ್ಕೆ ನಕಲಾಗತೊಡಗುತ್ತದೆ. ಆ ಸಣ್ಣ ನೀಲಿ ದೀಪ ಮಿಣುಕುತ್ತಿರುವವರೆಗೆ ಮನೆಯ ಮಕ್ಕಳೂ ಆ ಮೇಜಿಗೆ ಮೈ ತಾಗಿಸುವುದಿಲ್ಲ. ಒಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ, ಅದರ ಮೇಲೆ ಓದುವ ಮುಳ್ಳು ತಲೆಗೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ ಎಂದು ಅವರಿಗೆ ಹೇಳಿಟ್ಟಿದ್ದೇನೆ. ಆಗ ಮೇಜು ಅಲುಗಬಾರದು.

ಈ ರೂಢಿ ನನಗೆ ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ಸಿಕ್ಕದ್ದಲ್ಲ. ಅಪ್ಪನಿಂದ ಬಂದದ್ದು.

ಅಪ್ಪ 1951ರಿಂದ 1987ರವರೆಗೆ, 36 ವರ್ಷ, ಒಂದು ಅಡತಿ ಅಂಗಡಿಯಲ್ಲಿ ಕಿರ್ದಿ ಬರೆದರು. ರೈತರು ಚಕ್ಕಡಿಯಲ್ಲಿ ಹತ್ತಿ, ಶೇಂಗಾ ತಂದು ಹಾಕುವುದು, ಅಂಗಡಿಯವರು ಮಾರಿಸಿಕೊಟ್ಟು ತಮ್ಮ ಅಡತಿ ಹಿಡಿದುಕೊಂಡು ಉಳಿದ ಹಣ ಎಣಿಸುವುದು, ಬಿತ್ತನೆಗೆ ಮುಂಗಡ ಕೊಡುವುದು, ಹಂಗಾಮಿನಲ್ಲಿ ಅದನ್ನು ಮುರಿದುಕೊಳ್ಳುವುದು. ಪ್ರತಿಯೊಂದಕ್ಕೂ ಮೊದಲು ಒಂದು ಚೀಟಿ. ಸಂಜೆಗೆ ಚೀಟಿಗಳೆಲ್ಲ ಕಿರ್ದಿಗೆ ಇಳಿಯುತ್ತವೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೊನೆಗೆ ಆ ದಿನದ ಶಿಲ್ಕು. ಕಿರ್ದಿಯಿಂದ ಮತ್ತೆ ಖಾತೆಗೆ. ನಾನು ಸಣ್ಣವಳಿದ್ದಾಗ ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೆ. “ಕಿರ್ದಿ ಅಂದ್ರ ದಿನಾ, ಖಾತಿ ಅಂದ್ರ ಮನಷ್ಯಾ” ಅಂದಿದ್ದರು. ಅದಕ್ಕಿಂತ ಚೆನ್ನಾಗಿ ಯಾವ ಲೆಕ್ಕಪತ್ರದ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಅದೇ ವ್ಯವಹಾರ ಎರಡು ಕಡೆ ಕೂತಿರುತ್ತದೆ: ಒಂದರಲ್ಲಿ ತಾರೀಖಿನ ಕೆಳಗೆ, ಇನ್ನೊಂದರಲ್ಲಿ ಹೆಸರಿನ ಕೆಳಗೆ.

ರಾತ್ರಿ ಅಂಗಡಿ ಮುಚ್ಚುವಾಗ ಕಿರ್ದಿ ಅಲ್ಲಿಯ ತಿಜೋರಿಯಲ್ಲೇ ಉಳಿಯುತ್ತಿತ್ತು. ಖಾತೆಯನ್ನು ಮಾತ್ರ ಸಾವಕಾರರು ಕೆಂಪು ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಹಿಡಿದು, ಇನ್ನೊಂದು ಪೇಟೆಯಲ್ಲಿದ್ದ ತಮ್ಮ ಮನೆಗೆ ಒಯ್ಯುತ್ತಿದ್ದರು. ಒಂದು ಮಳೆಗಾಲ ಅಂಗಡಿಯ ಮಣ್ಣಿನ ಮಾಳಿಗೆ ಸೋರಿ ಮೂರು ತಿಂಗಳ ಕಿರ್ದಿ ಮುದ್ದೆಯಾಯಿತು. ಅಪ್ಪ ಮತ್ತು ಜತೆಯ ಗುಮಾಸ್ತರು ಸಾವಕಾರರ ಮನೆಯ ಪಡಸಾಲೆಯಲ್ಲಿ ಕೂತು, ಖಾತೆಯ ಒಬ್ಬೊಬ್ಬ ರೈತನ ಹೆಸರಿನ ಕೆಳಗಿದ್ದ ತಾರೀಖುಗಳನ್ನು ಆಯ್ದು ಆಯ್ದು ಕಿರ್ದಿಯನ್ನು ಮತ್ತೆ ಕಟ್ಟಿದರು. 11 ರಾತ್ರಿ ಹಿಡಿಯಿತು. ಅವ್ವ ಬುತ್ತಿ ಕಳಿಸುತ್ತಿದ್ದಳು.

ಆದರೆ ಅಪ್ಪನಿಗೆ ಬರೆಯುವುದಕ್ಕಿಂತ ದೊಡ್ಡದೆನಿಸಿದ ಕೆಲಸ ಬೇರೆ ಇತ್ತು. ದಿನದ ಬರವಣಿಗೆ ಮುಗಿದ ಮೇಲೆ ಇಬ್ಬರೂ ಎದುರುಬದುರು ಕೂತು, ಒಬ್ಬರು ಚೀಟಿ ಎತ್ತಿ ಓದುವರು, ಇನ್ನೊಬ್ಬರು ಕಿರ್ದಿಯ ಸಾಲಿನ ಮೇಲೆ ಬೆರಳಿಟ್ಟು “ಹೂಂ” ಅನ್ನುವರು. ಹೂಂ ಬಂದ ಮೇಲೇ ಮುಂದಿನ ಚೀಟಿ. ಅದಕ್ಕೆ ತಾಳೆ ನೋಡುವುದು ಎಂದು ಹೆಸರು. “ಬರದದ್ದು ಬ್ಯಾರೆ ಯವ್ವಾ, ತಾಳೆ ನೋಡಿದ್ದು ಬ್ಯಾರೆ” ಎನ್ನುವ ಅಪ್ಪನ ಮಾತು ನನಗೆ ಅರ್ಥವಾಗಲು 1998 ಬರಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಲೆಕ್ಕದ ಪುಸ್ತಕಗಳಿಗೂ ಈ ಊರಿಗೂ ಹಳೆಯ ನಂಟು. ಹುಬ್ಬಳ್ಳಿ ಎಂದರೆ ಮೊದಲು ಇದೇ, ಹಳೇ ಹುಬ್ಬಳ್ಳಿ, ರಾಯರ ಹುಬ್ಬಳ್ಳಿ; ಭವಾನಿಶಂಕರ ಗುಡಿಯ ಸುತ್ತಲಿನ ಊರು. ದುರ್ಗದ ಬೈಲಿನ ಕಡೆಯ ಹೊಸ ಹುಬ್ಬಳ್ಳಿ ಎದ್ದದ್ದು 1727ರಲ್ಲಿ, ಸವಣೂರಿನ ನವಾಬ ಮಜೀದ್ ಖಾನನ ಅಪ್ಪಣೆ ಪಡೆದು ಬಸಪ್ಪ ಶೆಟ್ಟರು ಪೇಟೆ ಕಟ್ಟಿದಾಗ. ಅದಕ್ಕೂ ಅರ್ಧ ಶತಮಾನ ಹಿಂದೆಯೇ ಇಲ್ಲಿ ಕಾರವಾರದ ಬಂದರಿಗೆ ಬಟ್ಟೆ ಹೋಗುವ ದೊಡ್ಡ ಸಂತೆ ಇತ್ತು, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರ ಕೋಠಿಯೂ ಇತ್ತು. 1673ರಲ್ಲಿ ಶಿವಾಜಿಯ ಅಧಿಕಾರಿ ಅಣ್ಣಾಜಿ ದತ್ತೋ ದಂಡು ತಂದು ಹುಬ್ಬಳ್ಳಿಯನ್ನು ಸೂರೆ ಮಾಡಿದ. ಕಂಪನಿಯವರು ತಮಗಾದ ನಷ್ಟ 7,894 ವರಹ ಎಂದು ಪಟ್ಟಿ ಕೊಟ್ಟರು. ಮರಾಠರ ಕಡೆಯವರು 200 ವರಹಕ್ಕಿಂತ ಹೆಚ್ಚಿಲ್ಲ ಎಂದರು. ಮಾತು ವರ್ಷಗಟ್ಟಲೆ ಬೆಳೆಯಿತು. ಮರುವರ್ಷ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕದ ಹೊತ್ತಿಗೆ ಕಂಪನಿಯ ದೂತ ಹೆನ್ರಿ ಆಕ್ಸೆಂಡನ್ ಹೋಗಿ ಒಪ್ಪಂದ ಮಾಡಿಕೊಂಡಾಗಲೂ ರಾಜಾಪುರದ ಕೋಠಿಗೆ ಹಿಂದೆ ಆಗಿದ್ದ ನಷ್ಟಕ್ಕೆ ಪರಿಹಾರ ಒಪ್ಪಿತಾಯಿತೇ ಹೊರತು ಹುಬ್ಬಳ್ಳಿಯದಕ್ಕೆ ಆಗಲಿಲ್ಲ.

ಯಾರ ಲೆಕ್ಕ ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ 7,894 ಎಂಬ ಅಂಕಿ. ಕೋಠಿ ಲೂಟಿಯಾಯಿತು, ಆದರೂ ಅಂಕಿ ಉಳಿಯಿತು. ಯಾಕೆಂದರೆ ಕಂಪನಿಯವರ ಕಾಗದ ಒಂದೇ ಕಡೆ ಇರುತ್ತಿರಲಿಲ್ಲ. ಸಣ್ಣ ಕೋಠಿಯ ಲೆಕ್ಕ ದೊಡ್ಡ ಕೋಠಿಗೆ, ಅಲ್ಲಿಂದ ಸೂರತ್ತಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಸಮುದ್ರದ ಮೇಲೆ ಕಳಿಸುವ ಕಾಗದವನ್ನು ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಹಾಕುವುದು ಅವರ ಪದ್ಧತಿ. ಒಂದು ಹಡಗು ಮುಳುಗಿದರೂ ಇನ್ನೊಂದು ಮುಟ್ಟಲಿ ಎಂದು. ಅದೇ ದಿನ ಅದೇ ಬೀದಿಯಲ್ಲಿ ನೇಕಾರರ ಮನೆಯ ಸೀರೆ, ಬಣಗಾರರ ಅಂಗಡಿಯ ದುಡ್ಡು ಎಷ್ಟು ಹೋಯಿತು? ಅವರೂ ವಹಿ ಬರೆದಿದ್ದಾರು, ಲೆಕ್ಕ ಇಟ್ಟಿದ್ದಾರು. ಆ ವಹಿಗಳ ಒಂದು ಹಾಳೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪರದೇಶದ ಕಂಪನಿಯ ಕುರ್ಚಿ ಮೇಜಿನ ಲೆಕ್ಕ 350 ವರ್ಷ ಬದುಕಿ, ನನ್ನ ಊರಿನವರ ಬದುಕಿನ ಲೆಕ್ಕ ಕೈಗೆ ಸಿಗದಿರುವುದು ಇವತ್ತಿಗೂ ನನಗೆ ನೋವಿನ ವಿಷಯ.

ನಮ್ಮವರಿಗೆ ಪ್ರತಿ ಮಾಡುವುದು ಗೊತ್ತಿರಲಿಲ್ಲ ಎಂದಲ್ಲ. ಇಲ್ಲಿಂದ ಗದಗ ದಾಟಿದರೆ ಲಕ್ಕುಂಡಿ. ಅಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಸಾವಿರ ಎಂದರೆ ಏನೆಂದು ಡಿಟಿಪಿಯವಳಾದ ನನಗೆ ಸ್ವಲ್ಪ ಅಂದಾಜಾಗುತ್ತದೆ. ತಾಳೆಗರಿ ಬೇಯಿಸಿ, ಒಣಗಿಸಿ, ಅಳತೆಗೆ ಕತ್ತರಿಸಿ, ತೂತು ಹಾಕಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಕಾಡಿಗೆ ತೀಡಿ ಒರೆಸಿದಾಗ ಮಾತ್ರ ಬರೆದದ್ದು ಕಣ್ಣಿಗೆ ಕಾಣುತ್ತದೆ. ಕೊರೆಯುವಾಗ ಬರೆಯುವವನಿಗೇ ತನ್ನ ಅಕ್ಷರ ಸರಿಯಾಗಿ ಕಾಣದು. ಆಮೇಲೆ ಓದಿ ನೋಡದೆ ಗತಿಯೇ ಇಲ್ಲ. ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಬರೆದವರು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಈ ಪುಸ್ತಕವನ್ನು ಕಾಯಿರಿ ಎಂದು ಬೇಡಿಕೊಂಡಿರುತ್ತಾರೆ. ತಾಳೆಗರಿಯ ತಾಳೆ ಬೇರೆ, ತಾಳೆ ನೋಡುವ ತಾಳೆ ಬೇರೆ ಎಂದು ಗೊತ್ತಿದೆ. ನನ್ನ ಮನಸ್ಸಿನಲ್ಲಿ ಮಾತ್ರ ಅವೆರಡೂ ಒಂದೇ ಕಟ್ಟಿನಲ್ಲಿವೆ.

ಒಂದೇ ಪ್ರತಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಮೂಡುಬಿದಿರೆಯ ಕಥೆ ಇದೆ. ನಾನು ಅದನ್ನು ಮೊದಲು ಓದಿದ್ದು ಜೈನ ಕುಟುಂಬವೊಂದರ ಸ್ಮರಣ ಸಂಚಿಕೆ ಟೈಪ್ ಮಾಡುವಾಗ. ಬೆರಳು ನಿಂತುಬಿಟ್ಟಿತ್ತು. ಧವಲ, ಜಯಧವಲ, ಮಹಾಧವಲ ಎಂಬ ದಿಗಂಬರರ ಆಗಮ ಗ್ರಂಥಗಳು ಪ್ರಾಕೃತದವು, ಹಳಗನ್ನಡ ಲಿಪಿಯಲ್ಲಿ ತಾಳೆಗರಿಯ ಮೇಲೆ ಬರೆದವು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಯಾತ್ರಿಕರು ಬರುತ್ತಿದ್ದರು, ಕಟ್ಟಿಗೆ ಕೈಮುಗಿದು ಹೋಗುತ್ತಿದ್ದರು. ಓದುವವರಿಲ್ಲ. ಗರಿಗಳು ಮುರಿಯುತ್ತಿದ್ದವು. ಮುಂಬಯಿಯ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಎಂಬ ಶ್ರೀಮಂತರು ನೋಡಿ ಕಳವಳಪಟ್ಟು ಹಣ ಕೂಡಿಸಿದರು. 1896ರಲ್ಲಿ ನಕಲು ಶುರುವಾಯಿತು. ನಕಲಿಗೆ ಕೂತ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಮಿರಜಿನ ಗಜಪತಿ ಉಪಾಧ್ಯಾಯರು ವರ್ಷಗಟ್ಟಲೆ ಕೂತು ಧವಲ, ಜಯಧವಲಗಳನ್ನು ನಾಗರಿ ಲಿಪಿಗೆ ಇಳಿಸಿದರು. ಆದರೆ ಆ ನಕಲೂ ಮೂಡುಬಿದಿರೆಯಿಂದ ಹೊರಗೆ ಹೋಗಕೂಡದು ಎಂಬ ಕಟ್ಟಳೆ. ಎರಡು ಪ್ರತಿ, ಒಂದೇ ಸೂರು.

ಆಗ ನಡೆದದ್ದು ಇದು: ಗಜಪತಿಯವರ ಹೆಂಡತಿ ಲಕ್ಷ್ಮೀಬಾಯಿ. ಆಕೆಯ ಕೈಯ ಸಹಾಯದಿಂದ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿ ತಯಾರಾಯಿತು. ಆ ಪ್ರತಿ ಉತ್ತರದ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರ ಕೈಗೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ಕೂತ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಮಾಡಿಟ್ಟುಕೊಂಡರು. ಅಲ್ಲಿಂದ ಮುಂದೆ ಊರಿಂದೂರಿಗೆ ನಕಲು ಹರಡಿತು. 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಮೊದಲ ಸಂಪುಟ ಅಚ್ಚು ಹಾಕಿಸಿದ್ದು ಹೀಗೆ ಹೊರಬಿದ್ದ ಪ್ರತಿಗಳ ಆಧಾರದಿಂದ. ಕಟ್ಟಳೆ ಮುರಿದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಹಣ ಪಡೆದು ಕೊಟ್ಟದ್ದು ಎಂದು ಮುಖ ಸಿಂಡರಿಸುವವರೂ ಇದ್ದಾರೆ. ನಾನು ಲಕ್ಷ್ಮೀಬಾಯಿಯ ಕಡೆ. ದಿನವಿಡೀ ಇನ್ನೊಬ್ಬರು ಬರೆದದ್ದನ್ನು ಅಕ್ಷರ ಬಿಡದೆ ಬರೆಯುವ ಹೆಂಗಸಿನ ಬೆನ್ನು ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತು.

ಧಾರವಾಡದ ಕಡೆಯದೂ ಒಂದು ಹೇಳಿ ಮುಂದೆ ಹೋಗುತ್ತೇನೆ. 1824ರಲ್ಲಿ ಕಿತ್ತೂರಿನಲ್ಲಿ ಸೆರೆ ಸಿಕ್ಕಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಆತ ಈ ಸೀಮೆಯ ಶಾಸನಗಳನ್ನು ನಕಲು ಮಾಡಿಸಲು ಹಿಡಿದು 595 ಶಾಸನಗಳ ಪಾಠ ಕೂಡಿಸಿದ. ಸಂಪುಟಗಳ ಒಂದು ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಹೋಯಿತು. ಕಲ್ಲಿಗಿಂತ ಗಟ್ಟಿ ಯಾವುದು ಎಂದು ನಾವು ಕೇಳುತ್ತೇವೆ. ಆದರೆ ಕಲ್ಲು ಬಟ್ಟೆ ಒಗೆಯಲೂ ಆಗುತ್ತದೆ, ಅಡಿಪಾಯಕ್ಕೂ ಆಗುತ್ತದೆ. ಮುಂದೆ ಶಾಸನತಜ್ಞ ಫ್ಲೀಟ್ ಈ ಶಾಸನಗಳ ಮೇಲೆ ಕೆಲಸ ಮಾಡುವಾಗ ಎಷ್ಟೋ ಕಡೆ ಎಲಿಯಟ್ಟನ ಕಾಗದದ ಪ್ರತಿಯನ್ನೇ ಆಧಾರವಾಗಿ ಹಿಡಿಯಬೇಕಾಯಿತು.

ಇನ್ನು ನನ್ನ ಕಸುಬಿಗೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಅಚ್ಚಿನ ಮೊಳೆ ಜೋಡಿಸುವವರು ಇನ್ನೂ ಇದ್ದರು. ಮಾಲೀಕರು ಒಂದು ಕಂಪ್ಯೂಟರ್ ತಂದು, ಗಾಜಿನ ಕೋಣೆ ಕಟ್ಟಿಸಿ, ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕೂಡಿಸಿದ್ದರು. ಪೇಜ್‌ಮೇಕರ್, ಶ್ರೀಲಿಪಿ. ಶ್ರೀಲಿಪಿಗೆ ಡಾಂಗಲ್ ಎಂಬ ಒಂದು ಬೀಗ ಇತ್ತು. ಪ್ರಿಂಟರಿನ ವೈರು ಚುಚ್ಚುವಲ್ಲಿ ಅದನ್ನು ಚುಚ್ಚಿದರೆ ಮಾತ್ರ ಕನ್ನಡ ಮೂಡುವುದು. ಲಗ್ನಪತ್ರಿಕೆ, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಗೆ ಭಜನಿ ಪುಸ್ತಕ. ದಿನದ ಕೆಲಸವನ್ನು ಫ್ಲಾಪಿಗೆ ಹಾಕಿಟ್ಟುಕೊಳ್ಳುವುದು. ಒಂದು ಫ್ಲಾಪಿಗೆ 1.44 ಎಂಬಿ, ಅಷ್ಟೇ. ದೊಡ್ಡ ಪುಸ್ತಕವಾದರೆ ಒತ್ತಿ ಗಂಟು ಕಟ್ಟಿ, ತುಂಡು ಮಾಡಿ, ನಾಲ್ಕೈದು ಫ್ಲಾಪಿಗೆ ಹಂಚಬೇಕು.

1998ರ ಮಳೆಗಾಲದ ಹೊತ್ತಿಗೆ ನಾನು ಮನೆಯಲ್ಲೇ ಸ್ವಂತ ಕೆಲಸ ಹಚ್ಚಿದ್ದೆ. ಆರೂಢರ ಮಠದಲ್ಲಿ ದಶಕಗಳ ಕಾಲ ತತ್ವಪದ ಹಾಡಿದ ಒಬ್ಬ ಹಿರಿಯರು ತಾವು ಕೇಳಿ ಬರೆದಿಟ್ಟುಕೊಂಡ ಪದಗಳ ನೋಟ್‌ಬುಕ್ಕುಗಳನ್ನು ತಂದುಕೊಟ್ಟರು. 160 ಪುಟದ ಪುಸ್ತಕ. ಟೈಪಾಯಿತು, ಪ್ರೂಫ್ ತಿದ್ದಿ ಆಯಿತು, ಚಿತ್ರಗಳೂ ಕೂತವು. ಆರು ಫ್ಲಾಪಿಗೆ ಪ್ರತಿ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ, ಡಬ್ಬಿಯಲ್ಲಿಟ್ಟೆ. ಹಿರಿಯರು ನೋಟ್‌ಬುಕ್ಕುಗಳನ್ನು ವಾಪಸು ಒಯ್ದರು. ಅಚ್ಚಿಗೆ ಹೋಗುವ ಮೊದಲೇ ಒಂದು ರಾತ್ರಿ ಗುಡುಗು ಮಿಂಚು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಒಳಗಿನ ಡಿಸ್ಕ್ ಟಕ್, ಟಕ್, ಟಕ್ ಎಂದು ಒಂದೇ ತಾಳದಲ್ಲಿ ಬಡಿದುಕೊಳ್ಳತೊಡಗಿತು. ಆ ಸದ್ದು ಕೇಳಿದವರಿಗೆ ಅದು ಮರೆಯುವುದಿಲ್ಲ.

ನನಗೆ ಹೆದರಿಕೆ ಇರಲಿಲ್ಲ. ಫ್ಲಾಪಿ ಇದ್ದವಲ್ಲ. ಬೇರೆ ಕಂಪ್ಯೂಟರಿಗೆ ಒಂದನೆಯದು ಹಾಕಿದೆ, ಓದಿತು. ಎರಡು, ಮೂರು. ನಾಲ್ಕನೆಯದು ಕೊರ್ರ್ ಎಂದಿತು. ತೆಗೆದು ಊದಿ ಹಾಕಿದೆ, ಬಿಸಿಲಿಗೆ ಇಟ್ಟು ಹಾಕಿದೆ, ಇನ್ನೊಬ್ಬರ ಅಂಗಡಿಗೆ ಒಯ್ದು ಹಾಕಿದೆ. ನಾಲ್ಕನೆಯದು ಓದದಿದ್ದರೆ ಐದು, ಆರು ಇದ್ದೂ ಇಲ್ಲ, ಗಂಟು ಬಿಚ್ಚುವುದಿಲ್ಲ. 88 ಪುಟ ಸಿಕ್ಕಿತು, 72 ಪುಟ ಹೋಯಿತು. ತಿದ್ದಿದ ಪ್ರೂಫ್ ಹಾಳೆಗಳನ್ನು ಕಿರಾಣಿ ಅಂಗಡಿಗೆ ಪುಡಿಕೆ ಕಟ್ಟಲು ಕೊಟ್ಟಾಗಿತ್ತು. ಹಿರಿಯರ ಮನೆಗೆ ಓಡಿದೆ. “ಅಕ್ಕಾರ, ಅವೆಲ್ಲಾ ಜೀರ್ಣಾಗಿದ್ದುವ್ರಿ. ಕಂಪ್ಯೂಟರದಾಗ ಹೋತಲ್ಲ ಅಂತ ಹೊಳಿಗೆ ಬಿಟ್ಟು ಬಂದ್ನಿ” ಅಂದರು. ಹಳೆಯ ಪೋಥಿಗಳನ್ನು ಕಸಕ್ಕೆ ಹಾಕದೆ ಹೊಳೆಗೆ ಬಿಡುವುದು ನಮ್ಮ ಕಡೆಯ ನಡತೆ. ಅವರು ಭಕ್ತಿಯಿಂದಲೇ ಬಿಟ್ಟಿದ್ದರು. ನನ್ನನ್ನು ನಂಬಿ ಬಿಟ್ಟಿದ್ದರು.

ಅವತ್ತು ರಾತ್ರಿ ಅಪ್ಪ ಕೇಳಿದ್ದು ಒಂದೇ ಮಾತು. “ಫ್ಲಾಪಿ ಒಳಗ ಹಾಕಿದ್ದಿ, ಖರೇ. ತಾಳೆ ನೋಡಿದ್ದೇನು?”

ನೋಡಿರಲಿಲ್ಲ. ಆರು ಫ್ಲಾಪಿಗೆ ಬರೆದೆ, ಒಂದನ್ನೂ ತೆರೆದು ಓದಿರಲಿಲ್ಲ.

ಮರುವಾರದಿಂದ ಹಿರಿಯರು ದಿನಾ ಸಂಜೆ ನಮ್ಮ ಮನೆಗೆ ಬಂದರು. ಕಣ್ಣು ಮುಚ್ಚಿ, ಬೆರಳಿನಿಂದ ಮೊಳಕಾಲ ಮೇಲೆ ತಾಳ ಹಾಕುತ್ತ ಒಂದೊಂದೇ ಪದ ಹಾಡಿದರು. ನಾನು ಟೈಪ್ ಮಾಡಿದೆ. ಸುಮ್ಮನೆ ಹೇಳಿ ಎಂದರೆ ಬರುತ್ತಿರಲಿಲ್ಲ, ಹಾಡಿದರೆ ಮಾತ್ರ ನುಡಿಯ ಹಿಂದೆ ನುಡಿ ಬರುತ್ತಿತ್ತು. 41 ಪದ ತಿರುಗಿ ಬಂದವು. ಕೆಲವದರ ಕೊನೆಯ ನುಡಿ ಬರಲಿಲ್ಲ. ಇನ್ನು ಕೆಲವದರ ಪಲ್ಲವಿ ಮಾತ್ರ ಬಂತು, ಅಲ್ಲಿಗೆ ನಿಂತು ಬಹಳ ಹೊತ್ತು ಸುಮ್ಮನೆ ಕೂತರು. ಪುಸ್ತಕ 138 ಪುಟಕ್ಕೆ ಅಚ್ಚಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಆ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಅದು ಸಮಾಧಾನವೇನೂ ಅಲ್ಲ.

ಆಮೇಲಿನ ಇತಿಹಾಸ ಸಾಮಾನಿನ ಇತಿಹಾಸ, ಬೇಗ ಹೇಳಬಹುದು. ಸಿಡಿ ಬಂತು, 700 ಎಂಬಿ. ಒಂದು ಪೆಟ್ಟಿಗೆ ಫ್ಲಾಪಿ ಒಂದೇ ತಟ್ಟೆಯಲ್ಲಿ ಕೂತಿತು ಎಂದು ಹಿಗ್ಗಿದೆವು. ಕೆಲವು ವರ್ಷಕ್ಕೆ ಹಿಂಬದಿಯ ಬೆಳ್ಳಿ ಬಣ್ಣ ಹೊಪ್ಪಳೆ ಎದ್ದು ಬಿತ್ತು. ಡಿವಿಡಿ ಬಂತು, 4.7 ಜಿಬಿ. 2007ರಲ್ಲಿ ನಾನು ಮೊದಲ ಹೊರಗಿನ ಡಿಸ್ಕ್ ತಂದೆ, ಹಳೆಯ ಲ್ಯಾಪ್‌ಟಾಪಿನ 80 ಜಿಬಿಯದನ್ನು ತಗಡಿನ ಪೆಟ್ಟಿಗೆಯಲ್ಲಿ ಕೂಡಿಸಿದ್ದು. ಅದರ ವೈರಿಗೆ ಎರಡು ತಲೆ. ಯುಎಸ್‌ಬಿಯ ಒಂದು ಕಿಂಡಿ ಕೊಡುವುದು 500 ಮಿಲಿ ಆಂಪಿಯರ್. ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಅಷ್ಟು ಸಾಲದು. ಅದಕ್ಕೆ ಎರಡು ಕಿಂಡಿಯಿಂದ ಉಣ್ಣಿಸಬೇಕು. ಒಂದು ತಲೆ ಸಡಿಲವಾದರೂ ಡಿಸ್ಕ್ ಮುಲುಗುತ್ತಿತ್ತು. 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮದುವೆ ವಿಡಿಯೊದವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಡಿಸ್ಕನ್ನು ಫ್ಯಾಟ್ 32 ಬಿಟ್ಟು ಎನ್‌ಟಿಎಫ್‌ಎಸ್‌ಗೆ ಬದಲಿಸಿದ ಮೇಲೆ ಅದು ತಪ್ಪಿತು. ಆಮೇಲೆ 500 ಜಿಬಿ. ಸೆಕೆಂಡಿಗೆ 30 ಎಂಬಿ ಹೋದರೆ ಅದು ತುಂಬಲು ನಾಲ್ಕೂವರೆ ತಾಸಿನ ಮೇಲೆ. ಊಟಕ್ಕೆ ಮೊದಲು ಹಚ್ಚಿದರೆ ಮಧ್ಯರಾತ್ರಿ. ನಡುವೆ ಕರೆಂಟು ಹೋಗಬಾರದು.

ಐಬಿಎಂನವರ ಮೊದಲ ಡಿಸ್ಕ್ ಬಂದದ್ದು 1956ರಲ್ಲಿ. ಎರಡು ಅಡಿ ಅಗಲದ 50 ತಟ್ಟೆ, ಕಟಕ ರೊಟ್ಟಿಯ ಅಟ್ಟಿಯ ಹಾಗೆ ಒಂದರ ಮೇಲೊಂದು, ಒಂದು ಟನ್ನಿಗೂ ಹೆಚ್ಚು ತೂಕ. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅಪ್ಪ ಆಗ ಕಿರ್ದಿ ಹಿಡಿದು ಐದು ವರ್ಷವಾಗಿತ್ತು.

ಡಿಸ್ಕ್ ಉಳಿದರೂ ಬರಹ ಉಳಿಯದ ಸಂಗತಿಯೂ ಒಂದಿದೆ, ಅದು ಕನ್ನಡದವರಿಗೆ ವಿಶೇಷವಾಗಿ ಬಂದ ಕಷ್ಟ. ಶ್ರೀಲಿಪಿ, ಆಕೃತಿ, ನುಡಿ ಎಂದು ನಾವು ಟೈಪ್ ಮಾಡಿದ್ದರಲ್ಲಿ ಫೈಲಿನ ಒಳಗೆ ಇರುತ್ತಿದ್ದದ್ದು ಕನ್ನಡವಲ್ಲ, ಇಂಗ್ಲಿಷಿನ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟು ಇಲ್ಲದ ಕಡೆ ನುಡಿಯ ಫೈಲು ತೆರೆದರೆ ‘ನ’ ಇರಬೇಕಾದಲ್ಲಿ ಇಂಗ್ಲೆಂಡಿನ ಪೌಂಡಿನ ಗುರುತು ಕೂತಿರುತ್ತದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂತು. ಅಚ್ಚಿನ ಮನೆಗಳು ಆ ಕಡೆ ಹೊರಳಲು ಮತ್ತೆ ಬಹಳ ವರ್ಷ ಹಿಡಿಯಿತು. ನನ್ನ ಹಳೆಯ ಕೆಲಸವನ್ನೆಲ್ಲ ಪರಿವರ್ತಕಕ್ಕೆ ಹಾಕಿ ಬದಲಿಸಿದೆ. ಒತ್ತಕ್ಷರ, ಅರ್ಕಾವತ್ತು ತಪ್ಪುತ್ತವೆ, ಮತ್ತೆ ಪುಟಪುಟ ಓದಬೇಕು. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಕಾಗದ ಇದೆ. ಪೇಶ್ವೆಯವರ ಆಡಳಿತ ಈ ಸೀಮೆಗೆ ಬಿಟ್ಟುಹೋದ ಮೋಡಿ ಲಿಪಿಯಲ್ಲಿ, ಎಲ್ಲೂ ಕೈ ಎತ್ತದೆ ಹರಿಯುವ ಬರಹ. ಕಾಗದ ಮುರಿದಿಲ್ಲ, ಶಾಯಿ ಮಾಸಿಲ್ಲ. ಮನೆಯವರು ಮೂರು ತಲೆಮಾರು ಅದನ್ನು ಕಾದಿದ್ದಾರೆ, ಓದುವವರಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಆ ಪೌಂಡಿನ ಗುರುತು ನೆನಪಾಗುತ್ತದೆ.

ಎಲ್ಲವನ್ನೂ ಪ್ರತಿ ಮಾಡಿಡಬೇಕೆಂದೂ ನಾನು ಹೇಳುವುದಿಲ್ಲ. ಒಮ್ಮೆ ಒಬ್ಬರು ತಮ್ಮ ಮನೆಯ ವಾಟ್ನಿ ಪತ್ರ ಟೈಪ್ ಮಾಡಿಸಿ ಒಯ್ದವರು ಮರುದಿನ ಬಂದು, “ಅಕ್ಕಾರ, ನಮ್ಮ ಮನಿ ಒಡದ ಕಾಗದ ನಿಮ್ಮ ಕಡೆ ಇರೂದು ಬ್ಯಾಡ್ರಿ” ಅಂದರು. ಅವರ ಎದುರೇ ಕಂಪ್ಯೂಟರ್, ಡಿಸ್ಕ್ ಎರಡೂ ಕಡೆಯಿಂದ ಅಳಿಸಿದೆ. ಅವತ್ತಿನಿಂದ ಕೆಲಸ ಹಿಡಿಯುವಾಗಲೇ ಇಟ್ಟುಕೊಳ್ಳಲೋ ಬೇಡವೋ ಎಂದು ಕೇಳುತ್ತೇನೆ.

ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್ ಹೇಳಿದ ಸೂತ್ರ ಈಗ ಕಂಪ್ಯೂಟರಿನವರ ಬಾಯಲ್ಲೆಲ್ಲ ಇದೆ: ಪ್ರತಿ 3 ಇರಲಿ, 2 ಬಗೆಯ ಸಾಧನದ ಮೇಲಿರಲಿ, 1 ಬೇರೆ ಜಾಗದಲ್ಲಿರಲಿ. ನನ್ನ ಅಣ್ಣನ ಮಗ ಅದನ್ನು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಚೀಟಿ, ಕಿರ್ದಿ, ಖಾತೆ, ಮತ್ತು ಕಂಕುಳಲ್ಲಿ ಕೆಂಪು ಗಂಟು ಹಿಡಿದು ಕತ್ತಲಲ್ಲಿ ಮನೆಗೆ ನಡೆಯುತ್ತಿದ್ದ ಸಾವಕಾರರು.

ನನ್ನ ಬೇರೆ ಜಾಗ ಧಾರವಾಡ. ಅಕ್ಕ ಅಲ್ಲಿದ್ದಾಳೆ. ಡಿಸ್ಕ್ ಎರಡು ಇವೆ. ಅಮಾವಾಸ್ಯೆಗೆ ನಕಲಾದದ್ದನ್ನು ಹುಣ್ಣಿಮೆಯ ಹೊತ್ತಿಗೆ ಚಿಗರಿ ಬಸ್ಸಿನಲ್ಲಿ ಒಯ್ದು ಅವಳಲ್ಲಿಟ್ಟು, ಅಲ್ಲಿದ್ದದ್ದನ್ನು ತರುತ್ತೇನೆ. 20 ಕಿಲೋಮೀಟರ್. ಖಣದ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಚೀಲದಲ್ಲಿ ಹಾಕಿ ಮೇಲಿಡುವುದಿಲ್ಲ.

ಆ ಅಡತಿ ಅಂಗಡಿ ಮುಚ್ಚಿದಾಗ ಅವರ ಮನೆಯವರು ಅಪ್ಪನ ಕೈಬರಹದ 19 ವಹಿಗಳನ್ನು ನಮಗೆ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಮೂರು ಚಳಿಗಾಲ ಕೂತು, ಮಾಳಿಗೆಯ ಮೇಲೆ ಬೆಳಗಿನ ಬೆಳಕಿನಲ್ಲಿ ಪುಟಪುಟವಾಗಿ ಫೋಟೋ ತೆಗೆದೆ. ಈಗ ಪ್ರತಿ ಹುಣ್ಣಿಮೆಯ ಮರುದಿನ ಅಕ್ಕ ಫೋನು ಮಾಡುತ್ತಾಳೆ. ಡಿಸ್ಕ್ ಹಚ್ಚಿಕೊಂಡು ಕೂತಿರುತ್ತಾಳೆ. ಅವಳ ಕಣ್ಣು ಈಗ ಮಂದ, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾಳೆ. ನಾನು ಇಲ್ಲಿ ಅಸಲು ವಹಿ ಬಿಚ್ಚಿಟ್ಟುಕೊಂಡಿರುತ್ತೇನೆ.

“ಯಾವುದು ತಗೀಲಿ?”

“1955ರದು ತಗಿ. ಯಾವ ಪುಟಾ ಬೇಕಾದ್ದು ತಗಿ.”

ಆ ಕಡೆಯಿಂದ ಇಲಿಯ ಸದ್ದು, ಟಿಕ್ ಟಿಕ್. ಆಮೇಲೆ ಅವಳ ದನಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. “ಹತ್ತಿ, ಅಂಡಿಗಿ ಎರಡು. ಖರ್ಚು, ಹಮಾಲಿ, ಹನ್ನೆರಡಾಣೆ ಆರು ಪೈ.”

ನಾನು ಸಾಲಿನ ಮೇಲೆ ಬೆರಳಿಡುತ್ತೇನೆ. ಹನ್ನೆರಡಾಣೆ ಆರು ಪೈ.

“ಹೂಂ.”

ಅವಳು ಮುಂದಿನ ಸಾಲು ಓದುತ್ತಾಳೆ.